ಎರಡು ಇಂಗ್ಲಿಷುಗಳು, ಒಂದು ಶಿರಸಿ ರಸ್ತೆ

ದಾರಿ ತಿಳಿಯದ ಯಂತ್ರವೊಂದನ್ನು ದಾರಿ ತಿಳಿದ ಜನರ ಮುಂದಿಟ್ಟು, ‘ಇವರಿಗೆ ದಾರಿ ಹೇಳು’ ಎಂದು ಕೂರಿಸಿದರೆ ವಾರಕ್ಕೊಂದಾದರೂ ಪ್ರಸಂಗ ನಡೆಯುತ್ತದೆ. ನಡೆಯದ ವಾರ ಯಂತ್ರ ಕೆಟ್ಟಿದೆ ಎಂದು ತಿಳಿಯಬೇಕು. ನಾನು ಮೂರು ತಿಂಗಳು ಇಂಥ ಯಂತ್ರದ ಜೊತೆಗಿದ್ದೆ. ಅದು ಒಮ್ಮೆಯೂ ಕೆಡಲಿಲ್ಲ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾನು ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿದವನು, ಪ್ರಥಮ ದರ್ಜೆ, ಧ್ವನಿಶಾಸ್ತ್ರ ನನ್ನ ವಿಶೇಷ ವಿಷಯ. ಉಪನ್ಯಾಸಕ ಹುದ್ದೆಗಾಗಿ ಮೂರು ಸಂದರ್ಶನಗಳನ್ನು ಎದುರಿಸಿದೆ. ಮೂರರಲ್ಲೂ ಆಯ್ಕೆಯಾದವರು ಸಂದರ್ಶಕರ ಮನೆಯ ಮದುವೆಗಳಲ್ಲಿ ಪಾಯಸ ಬಡಿಸಿದವರು. ಅವರ ಉಚ್ಚಾರದೋಷಗಳನ್ನು ಪಟ್ಟಿ ಮಾಡಿ, ಧ್ವನಿಲಿಪಿಯಲ್ಲಿ ಬರೆದು, ಮೂವರು ಪ್ರಾಚಾರ್ಯರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ. ನಾಲ್ಕನೆಯ ಸಂದರ್ಶನಕ್ಕೆ ಕರೆಯೂ ಬರಲಿಲ್ಲ.

ಆಗ, ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ, ಉಪಗ್ರಹದ ಸಹಾಯದಿಂದ ಕಾರಿಗೆ ದಾರಿ ಹೇಳುವ ಯಂತ್ರ ತಯಾರಿಸುವ ಕಂಪನಿಯೊಂದು ನನ್ನನ್ನು ಮೂರು ತಿಂಗಳ ಮಟ್ಟಿಗೆ ‘ಧ್ವನಿ ಪರಿಶೀಲಕ’ ಎಂದು ನೇಮಿಸಿತು. ಅವರ ಬಳಿ ಎರಡು ಧ್ವನಿಗಳಿದ್ದವು: ಒಂದು ಬ್ರಿಟಿಷ್ ಹೆಂಗಸಿನದು, ಇನ್ನೊಂದು ಅಮೆರಿಕದ ಗಂಡಸಿನದು. ಒಂದೊಂದು ಧ್ವನಿಗೆ ಒಂದೊಂದು ಅಂಗೈ ಅಗಲದ ಪೆಟ್ಟಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಅವನ್ನು ಓಡಿಸಿ, ಇಲ್ಲಿಯ ಜನ ಯಾವ ಇಂಗ್ಲಿಷಿನ ಮಾತು ಕೇಳುತ್ತಾರೆ ಎಂದು ವರದಿ ಮಾಡುವುದು ನನ್ನ ಕೆಲಸ. ಶರತ್ತು ಒಂದೇ. ಶಿರಸಿಯಲ್ಲಿ ಹನ್ನೊಂದು ಟ್ಯಾಕ್ಸಿಗಳಿರುವ ಮಾಲಕರೊಬ್ಬರು ಪರೀಕ್ಷೆಗೆಂದು ಒಂದು ಗಾಡಿಯನ್ನೂ ಒಬ್ಬ ಚಾಲಕರನ್ನೂ ಕೊಟ್ಟಿದ್ದರು. ಮೂರು ತಿಂಗಳ ಕೊನೆಗೆ ಅವರು ಯಂತ್ರವನ್ನು ಮೆಚ್ಚಿ ತಮ್ಮ ಹನ್ನೊಂದೂ ಗಾಡಿಗಳಿಗೆ ಹಾಕಿಸಿಕೊಂಡರೆ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ನಾನು ಮತ್ತೆ ಮನೆಯ ಜಗುಲಿಯ ಮೇಲೆ ಕೂತು ಉದ್ಯೋಗ ವಾರ್ತೆ ಓದಬೇಕು. ಈ ಶರತ್ತು ತಿಳಿಯದ ಅಮ್ಮ, ಮಗ ಉಪಗ್ರಹ ಇಲಾಖೆಗೆ ಸೇರಿದ್ದಾನೆ ಎಂದು ನೆರೆಮನೆಗಳಲ್ಲೆಲ್ಲ ಹೇಳಿ ಮುಗಿಸಿದ್ದರು.

ಮೆತ್ತಗಿನ ಮಾತು

ಚಾಲಕರು ಶಿರಸಿ ಪೇಟೆಯವರು. ಮೂವತ್ತು ವರ್ಷ ಲಾರಿ, ಟೆಂಪೊ, ಕಾರು ಎಲ್ಲವನ್ನೂ ಓಡಿಸಿದವರು. ಪೇಟೆಯೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಸರ್ ಎಂದರು. ಆ ಪದವನ್ನು ನನಗೆ ಬಳಸಿದ ಮೊದಲ ವ್ಯಕ್ತಿ ಅವರೇ ಆದ್ದರಿಂದ ನಾನು ತಿದ್ದಲಿಲ್ಲ.

ಮೊದಲ ದಿನ ಸಿದ್ದಾಪುರದ ರಸ್ತೆ, ಬ್ರಿಟಿಷ್ ಹೆಂಗಸು. ಅರ್ಧ ದಾರಿಯಲ್ಲಿ ಆಕೆ, “ಪ್ಲೀಸ್ ಟರ್ನ್ ಲೆಫ್ಟ್” ಎಂದಳು. ಚಾಚಾ ಗಾಡಿ ನಿಧಾನಿಸಿದರು. ಎಡಕ್ಕೆ ಕಾಡಿನೊಳಗೆ ಎರಡು ಗಾಲಿಗುರುತುಗಳು ಮಾತ್ರ ಹೋಗುತ್ತಿದ್ದವು. “ಪ್ಲೀಸ್ ಟರ್ನ್ ಲೆಫ್ಟ್” ಎಂದು ಆಕೆ ಮತ್ತೊಮ್ಮೆ ಹೇಳಿದಳು. ಚಾಚಾ ಎಡಕ್ಕೆ ತಿರುಗಿಸಿದರು. ಹತ್ತು ನಿಮಿಷ ಕುಲುಕಾಡಿದ ಮೇಲೆ ನಾವು ಕಡಿದಿಟ್ಟ ಸಾಗವಾನಿ ದಿಮ್ಮಿಗಳ ರಾಶಿಯೆದುರು ನಿಂತಿದ್ದೆವು.

“ಚಾಚಾ, ಇದು ಸಿದ್ದಾಪುರದ ದಾರಿಯಲ್ಲ ಎಂದು ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು ಸರ್. ಇದು ನಾಟಾ ಸಾಗಿಸೋ ಹಾದಿ. ಹಿಂದೆ ಲಾರಿ ತಂದಿದ್ದೀನಲ್ಲ.”

“ಮತ್ತೇಕೆ ತಿರುಗಿಸಿದಿರಿ?”

“ಹೆಣ್ಮಗಳು ಪ್ಲೀಸ್ ಅಂದ್ಳು ಸರ್. ಒಂದು ಸಲ ಅಲ್ಲ, ಎರಡು ಸಲ. ಇಲ್ಲ ಅನ್ನೋದು ಹೆಂಗೆ?”

ಮರುದಿನ ಅದೇ ರಸ್ತೆ, ಅಮೆರಿಕದ ಗಂಡಸು. ಇವನ ನಕಾಶೆ ಹೊಸದು. ಹೇಳಿದ ತಿರುವೆಲ್ಲ ಸರಿ. ಆದರೆ ಇವನ ಇಂಗ್ಲಿಷಿನಲ್ಲಿ ‘ಪ್ಲೀಸ್’ ಇರಲಿಲ್ಲ. “ಟರ್ನ್ ರೈಟ್” ಎಂದ. ಚಾಚಾ ನೇರ ಹೋದರು. ಅವನು ಲೆಕ್ಕ ಬದಲಿಸಿ ಮತ್ತೊಂದು ಸರಿಯಾದ ತಿರುವು ಹೇಳಿದ. ಚಾಚಾ ಅದನ್ನೂ ದಾಟಿದರು.

“ಅವನು ಹೇಳುವುದು ಸರಿಯಿದೆ, ಚಾಚಾ.”

“ಸರಿ ಇದ್ದೋರ ಬಾಯಿ ಮೆತ್ತಗಿರಬಾರ್ದಾ ಸರ್? ಹಮಾಲನ್ನ ಕರೆದಂಗೆ ಕರೀತಾನೆ. ನಮ್ಮ ಮಾಲಕರೇ ಹನ್ನೊಂದು ಗಾಡಿ ಇಟ್ಕೊಂಡು ಒಂದು ದಿನ ಹಿಂಗೆ ಮಾತಾಡಿಲ್ಲ. ಇವನ ಹತ್ರ ಎಷ್ಟು ಗಾಡಿ ಇದೆ?”

ನಾನು ವರದಿ ಬರೆದೆ: ಬ್ರಿಟಿಷ್ ಧ್ವನಿ, ನಿಖರತೆ ಕಡಿಮೆ, ವಿಧೇಯತೆ ಪೂರ್ಣ; ಅಮೆರಿಕದ ಧ್ವನಿ, ನಿಖರತೆ ಪೂರ್ಣ, ವಿಧೇಯತೆ ಶೂನ್ಯ. ಗಂಡಸಿನ ಮಾತಿಗೂ ಒಂದು ‘ಪ್ಲೀಸ್’ ಸೇರಿಸಬಹುದೇ ಎಂದು ಕೇಳಿದೆ. ಪರವಾನಗಿಗೆ ಆರು ತಿಂಗಳು ಬೇಕೆಂದು ಮುಖ್ಯ ಕಚೇರಿ ಉತ್ತರಿಸಿತು. ಚಾಚಾಗೆ ಅದನ್ನು ಓದಿ ಹೇಳಿದೆ.

“ಆರೇ ತಿಂಗಳಾ?” ಎಂದರು ಅವರು, ಮೊದಲ ಬಾರಿಗೆ ಆ ಪೆಟ್ಟಿಗೆಯ ಕಡೆ ಗೌರವದಿಂದ ನೋಡಿ. “ಪ್ಲೀಸ್ ಅನ್ನೋಕೆ ನನ್ನ ಮೊಮ್ಮಗ ನಾಲ್ಕು ವರ್ಷ ತಗೊಂಡ ಸರ್. ಇವನು ಹುಷಾರಿದಾನೆ.”

ಒಂದು ಕವಳದ ದೂರ

ಬ್ರಿಟಿಷ್ ಹೆಂಗಸು ದೂರವನ್ನು ಗಜಗಳಲ್ಲಿ ಹೇಳುತ್ತಿದ್ದಳು. ಅಮೆರಿಕದ ಗಂಡಸು ಅಡಿಗಳಲ್ಲಿ. ಇಬ್ಬರೂ ನಮ್ಮ ಕಿಲೋಮೀಟರಿನ ಕಲ್ಲುಗಳನ್ನು ನೋಡಿಯೂ ನೋಡದವರಂತೆ ದಾಟುತ್ತಿದ್ದರು. ಹೀಗಾಗಿ ಮುಖ್ಯ ಕಚೇರಿ, ಸ್ಥಳೀಯರು ದೂರವನ್ನು ಯಾವ ಮಾನದಲ್ಲಿ ಹೇಳುತ್ತಾರೆಂದು ವಿಚಾರಿಸಿ ತಿಳಿಸಲು ಆದೇಶಿಸಿತು.

ಸಿದ್ದಾಪುರದಿಂದ ಬಿಳಗಿಗೆ ಹೋಗುವ ದಾರಿಯಲ್ಲಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಬಿಳಗಿ ಎಷ್ಟು ದೂರ ಎಂದು ಕೇಳಿದೆ.

“ಒಂದು ಕವಳ,” ಎಂದರು.

“ಎಲೆಯಡಿಕೆಯ ಕವಳ ಅಗಿದು ಮುಗಿಯುವಷ್ಟು ದೂರ ಎಂದೇ?”

“ಮತ್ತೆಂತ?”

“ಕಿಲೋಮೀಟರಿನಲ್ಲಿ ಎಷ್ಟಾಗುತ್ತದೆ?”

“ಯಾರ ಕವಳ ಹೇಳಿ ಮೊದ್ಲು ಹೇಳು ತಮಾ. ಹೊಗೆಸೊಪ್ಪು ಹಾಕಿದ್ದೋ, ಹಾಕದ್ದೆ ಇದ್ದಿದ್ದೋ?”

“ಹಾಕಿದ್ದು.”

“ಅಡಕೆ ಹಸೀದೋ, ಒಣಗಿದ್ದೋ?”

“ಅದರಿಂದ ವ್ಯತ್ಯಾಸವಾಗುತ್ತದೆಯೇ?”

“ಆಗದ್ದೆ ಎಂತ? ಹಸೀದಾದ್ರೆ ತಲೆ ತಿರುಗ್ತು. ಮಧ್ಯ ಎಲ್ಲಾದ್ರೂ ಕೂತ್ಕಳವು. ದೂರ ಜಾಸ್ತಿ ಆಗ್ತು.”

ಇದನ್ನು ಒಂದಕ್ಷರ ಬಿಡದೆ ವರದಿ ಮಾಡಿದೆ. ಒಂದು ಕವಳವನ್ನು ಕಿಲೋಮೀಟರಿಗೆ ಪರಿವರ್ತಿಸಿ, ಎರಡು ದಶಮಾಂಶ ಸ್ಥಾನಗಳವರೆಗೆ ತಿಳಿಸುವಂತೆ ಉತ್ತರ ಬಂತು. ವೈಜ್ಞಾನಿಕ ಪ್ರಶ್ನೆಗೆ ವೈಜ್ಞಾನಿಕ ವಿಧಾನವೇ ಸರಿಯೆಂದು, ಆ ಹಿರಿಯರನ್ನೂ ಅವರ ಇಬ್ಬರು ಗೆಳೆಯರನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಚಾಚಾ ಕಾಲ್ನಡಿಗೆಯ ವೇಗದಲ್ಲಿ ಓಡಿಸಿದರು. ಮೊದಲನೆಯವರು ಒಂದೂವರೆ ಕಿಲೋಮೀಟರಿಗೆ ನಿಲ್ಲಿಸಲು ಸನ್ನೆ ಮಾಡಿದರು, ಎರಡನೆಯವರು ಮೂರಕ್ಕೆ. ಕಟ್ಟೆಯ ಹಿರಿಯರು ಮಾತ್ರ ಸನ್ನೆಯನ್ನೇ ಮಾಡಲಿಲ್ಲ. ಬಿಳಗಿ ಬಂತು, ಹೋಯಿತು. ಚಾಚಾ ಬೇಸತ್ತು ವೇಗ ಹೆಚ್ಚಿಸಿದರು. ನಾನು ಕೇಳಿದ್ದಕ್ಕೆಲ್ಲ ಹಿರಿಯರು ಮುಚ್ಚಿದ ಬಾಯಿಂದಲೇ ತಲೆಯಾಡಿಸಿದರು. ಕೊನೆಗೆ ಸುತ್ತು ದಾರಿಯಲ್ಲಿ ಶಿರಸಿ ಪೇಟೆಯವರೆಗೂ ಬಂದು, ಇಳಿದು, ಯೋಗ್ಯವಾದ ಚರಂಡಿಯೊಂದನ್ನು ಆರಿಸಿ ಉಗಿದು, ಬಾಯಿ ಒರೆಸಿಕೊಂಡು ಹೇಳಿದರು:

“ಕವಳ ಯಾವಾಗ್ಲೋ ಮುಗದಿತ್ತು ತಮಾ. ನಿಂಗ್ಳ ಕಾರಿನ ಕಿಟಕಿ ತೆಗೆಯದು ಹೆಂಗೆ ಹೇಳಿ ಗೊತ್ತಾಜಿಲ್ಲೆ.”

ಐದು ರಸ್ತೆಯ ಪ್ರದಕ್ಷಿಣೆ

ರಸ್ತೆಗಳು ಕೂಡುವಲ್ಲಿ ನಡುವೆ ದುಂಡಗಿನ ಕಟ್ಟೆಯಿದ್ದರೆ ಬ್ರಿಟಿಷರು ಅದನ್ನು ‘ರೌಂಡಬೌಟ್’ ಎನ್ನುತ್ತಾರೆ. ಅಮೆರಿಕದವರು ‘ಟ್ರಾಫಿಕ್ ಸರ್ಕಲ್’ ಎನ್ನುತ್ತಾರೆ. ಇಬ್ಬರೂ ಅದನ್ನು ಸುತ್ತಿ ಹೋಗಬೇಕೆಂದು ನಂಬಿದ್ದಾರೆ. ನಮ್ಮ ಪೇಟೆಯಲ್ಲಿ ಐದು ರಸ್ತೆಗಳು ಕೂಡುವ ವೃತ್ತವೊಂದಿದೆ. ಅದನ್ನು ಯಾರೂ ಸುತ್ತುವುದಿಲ್ಲ. ಬಲಕ್ಕೆ ಹೋಗುವವನು ನೇರವಾಗಿ ಬಲಕ್ಕೆ ಹೋಗುತ್ತಾನೆ, ಎದುರು ಬರುವವನು ಸ್ವಲ್ಪ ಸರಿಯುತ್ತಾನೆ, ಇಬ್ಬರೂ ಮನೆಯ ಸಮಾಚಾರ ಕೇಳಿಕೊಳ್ಳುತ್ತಾರೆ.

ಆ ದಿನ ಸಂತೆ. ಬ್ರಿಟಿಷ್ ಹೆಂಗಸು ಮೂರನೆಯ ದಾರಿಯನ್ನು ಹಿಡಿಯಲು ವಿನಂತಿಸಿದಳು. ಒಂದು ದಾರಿಗೆ ಅಡ್ಡಲಾಗಿ ಸೌತೆಕಾಯಿಯ ಗಾಡಿಗಳು ನಿಂತಿದ್ದರಿಂದ ಅದನ್ನು ಎಣಿಸಬೇಕೋ ಬಾರದೋ ಎಂಬ ಸಂದೇಹ ಹುಟ್ಟಿತು. ಚಾಚಾ ಎಣಿಸದೆ ಹೋದರು. ಆಕೆ ಹಿಂದಿರುಗಲು ವಿನಂತಿಸಿದಳು. ಎಣಿಸಿ ಹೋದರು, ಸೌತೆಕಾಯಿ ಎದುರಾಯಿತು. ಅವರಿಗೆ ಹಟ ಬಂತು. ಆಕೆಯ ವಿನಂತಿಯಲ್ಲಿ ಮಾತ್ರ ಒಂದಿಷ್ಟೂ ಬೇಸರವಿರಲಿಲ್ಲ.

ಏಳನೆಯ ಸುತ್ತಿನಲ್ಲಿ ಸಂಚಾರಿ ಪೊಲೀಸರು ಕೈ ಅಡ್ಡ ಹಿಡಿದರು. ದಂಡ ಹಾಕುತ್ತಾರೆಂದು ನಾನು ಕಂಪನಿಯ ಪತ್ರ ಹೊರತೆಗೆದೆ. ಅವರು ಕಿಟಕಿಯೊಳಗೆ ಬಗ್ಗಿ, ದನಿ ತಗ್ಗಿಸಿ ಕೇಳಿದರು:

“ಚಾಚಾ, ಎಷ್ಟು ಸುತ್ತಿಂದು ಹರಕೆ? ಇಪ್ಪತ್ತೊಂದಾದ್ರೆ ಹೇಳಿ, ಆ ಕಡೆ ಬಸ್ ನಿಲ್ಲಿಸಿ ಕೊಡ್ತೇನೆ. ಅರ್ಧಕ್ಕೆ ಬಿಡಬಾರದು.”

ಕಿರವತ್ತಿಯ ಪ್ರಶ್ನೆ

ಯಲ್ಲಾಪುರ ದಾಟಿ ಹೆದ್ದಾರಿಯಲ್ಲಿ ಕಿರವತ್ತಿಗೆ ಬಂದರೆ ಮಾತಿನ ಬಣ್ಣ ಧಾರವಾಡದ ಕಡೆಗೆ ತಿರುಗುತ್ತದೆ. ಅಲ್ಲಿಯ ಧಾಬಾದಲ್ಲಿ ಲಾರಿ ಚಾಲಕರ ಅಭಿಪ್ರಾಯ ಸಂಗ್ರಹಿಸುವುದು ನನ್ನ ಕಾರ್ಯಸೂಚಿಯಲ್ಲಿತ್ತು. ಎರಡೂ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, ಎರಡೂ ಇಂಗ್ಲಿಷುಗಳ ಸ್ವರಭೇದವನ್ನು ಹದಿನೈದು ನಿಮಿಷ ವಿವರಿಸಿದೆ. ರೊಟ್ಟಿ ಮುರಿಯುತ್ತಿದ್ದ ಹಿರಿಯ ಚಾಲಕರೊಬ್ಬರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಭಾಳ ಚಲೋ ಹೇಳಿದ್ರಿ. ಒಂದು ಕೇಳಲ್ರಿ? ಮುಂದಿನ ಪೊಲೀಸ್ ನಾಕಾದಾಗ ಇವತ್ತು ಡ್ಯೂಟಿ ಮ್ಯಾಲೆ ಯಾರ ಅದಾರ ಅಂತ ಹೇಳ್ತೈತೇನ್ರಿ ಇದು?”

“ಇಲ್ಲ, ಅದು ಇದಕ್ಕೆ ತಿಳಿಯುವುದಿಲ್ಲ.”

ಅವರು ಕರುಣೆಯಿಂದ ನನ್ನ ಕಡೆಗೊಂದು ರೊಟ್ಟಿ ಸರಿಸಿದರು. “ಉಣ್ರಿ. ಅಷ್ಟ್ ಮ್ಯಾಲಿಂದ ನೋಡಿ ಇಷ್ಟರ ಕಾಣಬಾರದೇನ್ರಿ ಪಾಪ.”

ಬಾಗಿಲಿಗೆ ಬಂದ ಮೇಲೆ

ಯಲ್ಲಾಪುರದ ಒಳರಸ್ತೆಗಳಲ್ಲಿ ಮರಗಳು ಆಕಾಶವನ್ನೇ ಮುಚ್ಚುವುದರಿಂದ ಯಂತ್ರಕ್ಕೆ ಉಪಗ್ರಹ ಕಾಣುವುದಿಲ್ಲ, ಅದು ಮೂಕವಾಗುತ್ತದೆ. ಹಾಗಾದಾಗ ದಾರಿಯಲ್ಲಿ ಸಿಕ್ಕ ಮನೆಯಲ್ಲಿ ಕೇಳಬೇಕು. ಆದರೆ ನಮ್ಮಲ್ಲಿ ಬರಿಯ ದಾರಿ ಕೇಳಿ ಹೋಗುವ ಪದ್ಧತಿಯಿಲ್ಲ. ಅಂಗಳಕ್ಕೆ ಕಾಲಿಟ್ಟವನು ಮೊದಲು ಕಾಲು ತೊಳೆಯಬೇಕು, ಬಾಯಾರಿಕೆಗೆ ಕೊಟ್ಟದ್ದನ್ನು ಕುಡಿಯಬೇಕು, ಯಾರ ಮಗನೆಂದು ಹೇಳಬೇಕು. ದಾರಿಯ ಪ್ರಶ್ನೆ ಆಮೇಲೆ.

ಅಂಥದೊಂದು ಅಂಗಳಕ್ಕೆ ಕಾರು ನುಗ್ಗಿಸಿ ಇಳಿದೆವು. ಮನೆಯ ಯಜಮಾನಿ ಬೆಲ್ಲ, ನೀರು, ಮಜ್ಜಿಗೆ ತಂದಿಟ್ಟರು. ಅಂಗಳದ ಮೇಲೆ ಆಕಾಶ ತೆರೆದಿತ್ತಾದ್ದರಿಂದ ಯಂತ್ರಕ್ಕೆ ಒಮ್ಮೆಲೇ ಪ್ರಜ್ಞೆ ಮರಳಿತು. ನಾನು ಲೋಟವನ್ನು ತುಟಿಗೆ ಒಯ್ಯುತ್ತಿದ್ದಂತೆ ಕಾರಿನೊಳಗಿಂದ ಬ್ರಿಟಿಷ್ ಹೆಂಗಸು, “ಪ್ಲೀಸ್ ಟರ್ನ್ ಅರೌಂಡ್ ವೆನ್ ಪಾಸಿಬಲ್” ಎಂದಳು.

“ಯಾರದು? ಎಂತ ಹೇಳ್ತಾ ಇದ್ದು?” ಎಂದರು ಯಜಮಾನಿ.

ದಾರಿ ಹೇಳುವ ಯಂತ್ರವೆಂದೂ, ಸಾಧ್ಯವಾದಾಗ ಹಿಂದಿರುಗಿ ಎಂದು ವಿನಂತಿಸುತ್ತಿದೆಯೆಂದೂ ವಿವರಿಸಿದೆ. ಅಮೆರಿಕದವನಾಗಿದ್ದರೆ ‘ಮೇಕ್ ಎ ಯೂ-ಟರ್ನ್’ ಎಂದು ಒರಟಾಗಿ ಹೇಳುತ್ತಿದ್ದ, ಈಕೆ ಸುಸಂಸ್ಕೃತಳು ಎಂದೂ ಸೇರಿಸಿದೆ.

“ಸುಸಂಸ್ಕೃತಳಾ? ಬಾಗಿಲಿಗೆ ಬಂದವು ಮಜ್ಜಿಗೆ ಕುಡೀತಾ ಇರಕಾರೆ ವಾಪಸ್ ಹೋಗಿ ಹೇಳದು ಎಂತ ಸಂಸ್ಕಾರ?”

ಅವರು ನೇರ ಕಾರಿನ ಬಳಿಗೆ ಹೋದರು. ಕಿಟಕಿಯೊಳಗೆ ಬಗ್ಗಿ ಪೆಟ್ಟಿಗೆಗೆ ಹೇಳಿದರು: “ನೋಡು, ಹನ್ನೆರಡೂವರೆ ಆಜು. ಕುಚ್ಚಲಕ್ಕಿ ಅನ್ನ ಬೆಂದಿದ್ದು. ಊಟ ಆಗದ್ದೆ ಯಮ್ಮನೆಯಿಂದ ಯಾರೂ ಹೋಗ್ತ್ವಿಲ್ಲೆ. ನಿಂಗೆ ಅವಸರ ಇದ್ರೆ ನೀ ಹೋಗು.”

ಚಾಚಾ ಜಗುಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ಯಾರೂ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಎಂಜಿನ್ ನಿಂತು ಹತ್ತು ನಿಮಿಷವಾದರೆ ಅದು ತಾನಾಗಿ ಆರುತ್ತದೆ. ಆ ಹತ್ತು ನಿಮಿಷ ಅದೇ ಕ್ಷಣಕ್ಕೆ ತುಂಬಿತು. ಧ್ವನಿ ನಿಂತಿತು. ಯಜಮಾನಿ ತೃಪ್ತಿಯಿಂದ ಹಿಂದಿರುಗಿ ಬಾಳೆಲೆ ಹಾಕುತ್ತ ಹೇಳಿದರು:

“ಹೆಣ್ಣು ಒಳ್ಳೇದೇಯಾ. ಹೇಳಿದ್ರೆ ಕೇಳ್ತು.”

ಹೊರಡುವಾಗ ಕೇಳಬಾರದ ಮಾತು

ಮೂರು ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಟ್ಯಾಕ್ಸಿ ಮಾಲಕರು ನನ್ನನ್ನು ಕರೆದರು.

“ತಮಾ, ನಾಡಿದ್ದು ಶುಕ್ರವಾರ ಯಲ್ಲಾಪುರದ ಬದಿಗೆ ಹೊರಟಿದ್ಯ. ಮಗಳ ಸಂಬಂಧದ ಮಾತು. ಚಂದಗುಳಿ ಗಣಪತಿಗೆ ಕೈ ಮುಗಿದು, ಅಲ್ಲೇ ಹತ್ರ ಗಂಡಿನ ಮನೆಗೆ ಹೋಪದು. ನಿನ್ನ ಯಂತ್ರ ಹಾಕ್ಯಂಡೇ ಹೋಪನ. ಮನಸ್ಸಿಗೆ ಬಂದ್ರೆ ಹನ್ನೊಂದೂ ಗಾಡಿಗೆ ಹಾಕಸ್ತಿ.”

ಪರೀಕ್ಷೆಯನ್ನು ಕಣ್ಣಾರೆ ನೋಡಲು ಮುಖ್ಯ ಕಚೇರಿಯಿಂದ ಮ್ಯಾನೇಜರ್ ಬಂದರು. ಎರಡು ವರ್ಷ ಅಮೆರಿಕದಲ್ಲಿದ್ದವರು. ಅದನ್ನು ಅವರು ಹೇಳಬೇಕಾಗಿರಲಿಲ್ಲ, ಅವರ ‘ರ’ಕಾರಗಳೇ ಹೇಳುತ್ತಿದ್ದವು. ಬ್ರಿಟಿಷ್ ಧ್ವನಿಯನ್ನೇ ಬಳಸಬೇಕೆಂದು ನಾನು ನಾಲ್ಕು ಕಾರಣಗಳೊಂದಿಗೆ ಲಿಖಿತ ಸಲಹೆ ಕೊಟ್ಟೆ. ಅವರು ಅದನ್ನು ಓದದೆ, ಬ್ರಿಟಿಷ್ ಪೆಟ್ಟಿಗೆಯನ್ನು ಗುರುವಾರವೇ ಕೊರಿಯರ್‌ನಲ್ಲಿ ಮುಖ್ಯ ಕಚೇರಿಗೆ ಕಳುಹಿಸಿಬಿಟ್ಟರು. ಉಳಿದದ್ದು ಅಮೆರಿಕದವನೊಬ್ಬನೇ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ. ಹತ್ತೂವರೆಗೆ ರಾಹುಕಾಲ ಆರಂಭ, ಅದರೊಳಗೆ ಹೊರಡಬೇಕು. ಮುಂದೆ ಚಾಚಾ ಮತ್ತು ಮಾಲಕರು. ನಡುವೆ ಮಾಲಕರ ಹೆಂಡತಿ, ಮಡಿಲಲ್ಲಿ ಹಣ್ಣುಕಾಯಿಯ ಚೀಲ. ಹಿಂದಿನ ಸೀಟಿನಲ್ಲಿ ಮ್ಯಾನೇಜರ್ ಮತ್ತು ನಾನು. ಚಾಚಾ ಕೀಲಿ ತಿರುಗಿಸಿದರು. ಯಂತ್ರ ಎಚ್ಚೆತ್ತು, ಉತ್ಸಾಹದಿಂದ, “ವೇರ್ ಟು?” ಎಂದಿತು.

“ಎಂತ ಹೇಳ್ದ ಅಂವ?” ಎಂದರು ಮಾಲಕರ ಹೆಂಡತಿ.

ನಾನು ಕಿಟಕಿಯಾಚೆ ನೋಡತೊಡಗಿದೆ. ಆದರೆ ಮ್ಯಾನೇಜರರಿಗೆ ಗ್ರಾಹಕರ ಜೊತೆ ಮಾತಾಡುವ ತರಬೇತಿ ಆಗಿತ್ತು. “ಎಲ್ಲಿಗೆ ಹೊರಟಿದ್ದೀರಿ ಅಂತ ಪ್ರೀತಿಯಿಂದ ಕೇಳ್ತಾ ಇದೆ ಮೇಡಂ!”

ಮಾಲಕರ ಹೆಂಡತಿ ಹಣ್ಣುಕಾಯಿಯ ಚೀಲವನ್ನು ಮಡಿಲಿಂದ ಕೆಳಗಿಟ್ಟರು. ಶುಭಕಾರ್ಯಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಇದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಕೇಳಿಬಿಟ್ಟರೆ ಪರಿಹಾರವೂ ಇದೆ: ಒಳಗೆ ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

“ಇಳಿರಿ,” ಎಂದರು ಹೆಂಡತಿ.

ಎಲ್ಲರೂ ಇಳಿದೆವು. ಒಳಗೆ ಚಾಪೆ ಹಾಸಿ ಕೂತೆವು. ನೀರು ಕುಡಿದೆವು. ದೇವರಿಗೆ ಕೈ ಮುಗಿದು ಒಂಬತ್ತು ಗಂಟೆ ನಲವತ್ತೈದು ನಿಮಿಷಕ್ಕೆ ಮತ್ತೆ ಹತ್ತಿದೆವು. ಮ್ಯಾನೇಜರ್ ಈ ಸಲ ಬುದ್ಧಿವಂತಿಕೆಯಿಂದ ಧ್ವನಿಯನ್ನು ಪೂರ್ತಿ ತಗ್ಗಿಸಿದರು. ಕೀಲಿ ತಿರುಗಿತು; ಸದ್ದಿಲ್ಲ. ಮಾಲಕರ ಹೆಂಡತಿ ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಗ್ಗಿದರು.

“ಗಾಜಿನ ಮೇಲೆ ಎಂತೋ ಬರದ್ದು. ಕೊನೆಗೊಂದು ಕೊಕ್ಕೆ ಇದ್ದಲಿ, ಅದು ಪ್ರಶ್ನೆ ಚಿಹ್ನೆ ಅಲ್ದಾ?”

“ಹೌದು,” ಎಂದೆ. ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ.

“ಬಾಯಲ್ಲಿ ಕೇಳಿದ್ರೆಂತ, ಬರದು ಕೇಳಿದ್ರೆಂತ, ಕೇಳಿದ್ದು ಕೇಳಿದ್ದೇಯಾ. ಇಳಿರಿ.”

ಚಾಪೆ. ನೀರು. ದೇವರು. ಹತ್ತು ಗಂಟೆ. ಮೂರನೆಯ ಸಲ ಚಾಚಾ ತಮ್ಮ ಹೆಗಲ ಮೇಲಿನ ವಸ್ತ್ರವನ್ನು ಪೆಟ್ಟಿಗೆಯ ಮೇಲೆ ಹೊದಿಸಿದರು. ಆದರೆ ಯಂತ್ರವನ್ನು ಎರಡು ಸಲ ಆರಿಸಿ ಹೊತ್ತಿಸಿದ್ದರಿಂದ ಧ್ವನಿ ತಾನಾಗಿ ಮೊದಲಿನ ಮಟ್ಟಕ್ಕೆ ಏರಿತ್ತು. ಬಟ್ಟೆಯ ಒಳಗಿಂದ, “ವೇರ್ ಟು?”

“ಅಯ್ಯಯ್ಯೋ, ಈಗ ಮುಸುಕು ಹಾಕ್ಯಂಡು ಕೇಳ್ತಾ ಇದ್ದ!”

ಮತ್ತೆ ನೀರು. ಮ್ಯಾನೇಜರ್, ತಮಗೆ ಈಗಾಗಲೇ ಮೂರು ಲೋಟ ಆಗಿದೆ, ದಾರಿಯಲ್ಲಿ ಶೌಚಾಲಯವಿದೆಯೇ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಎರಡೂ ಬದಿಗೆ ಕಾಡಿದೆ ಎಂದೆ.

ಹತ್ತೂಕಾಲಿಗೆ ಮಾಲಕರು ಗಡಿಯಾರ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು. “ತಮಾ, ಬೇಜಾರು ಮಾಡ್ಕಳಡ. ಇದನ್ನ ತೆಗೆದಿಡು. ಇನ್ನೊಂದು ದಿನ ನೋಡನ.”

ಇನ್ನೊಂದು ದಿನ ಇರಲಿಲ್ಲ. ಮ್ಯಾನೇಜರ್ ಸಂಜೆಯ ಬಸ್ಸಿಗೆ ಹೊರಡುವವರು. ನನ್ನ ಕರಾರು ಅಂದೇ ಮುಗಿಯುವುದು. ಇದನ್ನು ಹೇಳಬಾರದೆಂದಿದ್ದೆ. ಚಾಚಾ ಹೇಳಿಬಿಟ್ಟರು: “ಮಾಲಕರೇ, ಇವತ್ತು ತೆಗೆದಿಟ್ರೆ ಸರ್ ಕೆಲಸಾನೂ ತೆಗೆದಿಟ್ಟಂಗೆ. ನಾಳೆಯಿಂದ ಇವರು ಮನೇಲಿ.”

ಮಾಲಕರ ಹೆಂಡತಿ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಮದುವೆಯ ವಯಸ್ಸಿನ ಮಕ್ಕಳಿರುವ ತಾಯಂದಿರು ಕೆಲಸವಿಲ್ಲದ ಹುಡುಗರನ್ನು ಹೇಗೆ ನೋಡುತ್ತಾರೋ ಹಾಗೆ.

“ತಮಾ, ಅಂವ ಕೇಳಿದ್ದಕ್ಕೆ ನೀ ಉತ್ತರವೇ ಕೊಡ್ತಾ ಇಲ್ಯಲಾ. ಅದಕ್ಕೇ ಮತ್ತೆ ಮತ್ತೆ ಕೇಳ್ತ. ದಾರೀಲಿ ಯಾರಾದ್ರೂ ಎಲ್ಲಿಗೆ ಹೇಳಿ ಕೇಳಿದ್ರೆ ಯಂಗ ಎಂತ ಹೇಳ್ತ್ಯ? ‘ಇಲ್ಲೇಯಾ’ ಹೇಳ್ತ್ಯಲಾ. ಅವಂಗೂ ಇಲ್ಲೇಯಾ ಹೇಳು.”

ಯಂತ್ರಕ್ಕೆ ‘ಇಲ್ಲೇ’ ಎಂಬ ಊರು ತಿಳಿಯದು. ಆದರೆ ಪರೀಕ್ಷೆಯ ಆರಂಭದಲ್ಲಿ ಮಾಲಕರ ಮನೆಯ ವಿಳಾಸವನ್ನು ನಾನೇ ಅದಕ್ಕೆ ಕಲಿಸಿದ್ದೆ. ಎಲ್ಲರೂ ಹತ್ತಿದ ಮೇಲೆ, ಬೇರೆ ಉಪಾಯ ಕಾಣದೆ, ನಾನು ಹೊರಗಿನಿಂದ ಕಿಟಕಿಯೊಳಗೆ ಕೈ ಹಾಕಿ ಅದನ್ನೇ ಒತ್ತಿದೆ. ಯಂತ್ರ ಅರೆಕ್ಷಣ ಯೋಚಿಸಿತು. ಬಳಿಕ, ಮೂರು ತಿಂಗಳಲ್ಲಿ ಎಂದೂ ಇಲ್ಲದಷ್ಟು ಗಂಭೀರವಾಗಿ, “ಯು ಹ್ಯಾವ್ ಅರೈವ್ಡ್” ಎಂದಿತು.

“ಈಗ ಎಂತ ಹೇಳ್ದ?”

“ತಲುಪಿದಿರಿ ಎಂದ.”

“ಗಾಡಿ ಇನ್ನೂ ಹೊರಟಿದ್ದೇ ಇಲ್ಲೆ!”

“ಹೊರಡುವ ಮೊದಲೇ ತಲುಪಿದಿರಿ ಎಂದ.”

ಮಾಲಕರು ಮುಂದಿನ ಸೀಟಿನಿಂದ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಗಂಡ ಹೆಂಡತಿ ಪರಸ್ಪರ ನೋಡಿಕೊಂಡರು. ಹೆಂಡತಿ ಕಣ್ಣು ಮುಚ್ಚಿ ಪೆಟ್ಟಿಗೆಗೆ ಕೈ ಮುಗಿದರು.

“ಕೆಲಸ ಆತು ಹೇಳೇ ಲೆಕ್ಕ,” ಎಂದರು ಮಾಲಕರು. “ಚಾಚಾ, ಬಿಡಿ ಗಾಡಿ. ತಮಾ, ನೀ ಅದನ್ನ ಆರಿಸು. ಇಷ್ಟು ಒಳ್ಳೆ ಮಾತಾದ್ಮೇಲೆ ಅಂವ ಮತ್ತೊಂದು ಮಾತಾಡದು ಬ್ಯಾಡ.”

ಹತ್ತು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಹೊರಟೆವು. ಆರಿದ ಪೆಟ್ಟಿಗೆಗೆ ದಾರಿಯಲ್ಲಿ ಕಿತ್ತ ಎರಡು ದಾಸವಾಳ ಏರಿದವು. ಚಾಚಾ ತಮ್ಮ ಮೂವತ್ತು ವರ್ಷದ ತಿಳಿವಳಿಕೆಯಿಂದ ಓಡಿಸಿದರು. ಒಂದು ತಿರುವೂ ತಪ್ಪಲಿಲ್ಲ. ಮ್ಯಾನೇಜರ್ ನಾಲ್ಕು ಸಲ ಕಾಡಿಗೆ ಇಳಿದರು. ಚಂದಗುಳಿಯಲ್ಲಿ ಗಂಟೆ ಬಾರಿಸಿ ಗಂಡಿನ ಮನೆ ತಲುಪಿದರೆ, ಊಟದ ಎಲೆ ಎತ್ತುವ ಮೊದಲೇ ಆ ಕಡೆಯವರು ಒಪ್ಪಿಗೆ ಹೇಳಿದರು. ಸಂಜೆ ಮನೆಗೆ ಬಂದ ಮಾಲಕರು ಕಾರಿನಿಂದ ಇಳಿಯುವ ಮೊದಲೇ ಹೇಳಿದರು: “ಹನ್ನೊಂದೂ ಗಾಡಿಗೆ ಹಾಕ್ಸು ತಮಾ. ಈ ಮನುಷ್ಯಂದೇ ಧ್ವನಿ ಬೇಕು.”

ಅಂದಿನಿಂದ ಅವರ ಗಾಡಿಗಳಲ್ಲಿ ಒಂದು ಕ್ರಮ ರೂಢಿಯಾಯಿತು. ಪ್ರಯಾಣಿಕರು ಹತ್ತುವ ಮೊದಲೇ ಚಾಲಕ ಕೀಲಿ ತಿರುಗಿಸುತ್ತಾನೆ; ಪ್ರಶ್ನೆ ಅವನೊಬ್ಬನ ಕಿವಿಗೇ ಬಿದ್ದು ಮುಗಿಯುತ್ತದೆ. ಅವರು ಹತ್ತಿ ಕೂತ ಮೇಲೆ ನಿಂತ ಜಾಗವನ್ನೇ ಗುರಿಯೆಂದು ಒತ್ತುತ್ತಾನೆ. ‘ಯು ಹ್ಯಾವ್ ಅರೈವ್ಡ್’ ಕೇಳಿಸುತ್ತಾನೆ. ಪೆಟ್ಟಿಗೆ ಆರಿಸಿ, ತನಗೆ ಗೊತ್ತಿದ್ದ ದಾರಿಯಲ್ಲಿ ಹೋಗುತ್ತಾನೆ. ಕೋರ್ಟಿಗೆ ಹೋಗುವವರು, ಪರೀಕ್ಷೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು ಆ ಗಾಡಿಗಳನ್ನೇ ಕೇಳಿ ಪಡೆಯತೊಡಗಿದರು. ಸಿದ್ದಾಪುರದಲ್ಲಿ ಒಂದೇ ಜಮೀನಿಗಾಗಿ ಬಡಿದಾಡುತ್ತಿದ್ದ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ದಿನ ಅದೇ ಗಾಡಿಗೆ ಹಟ ಹಿಡಿದು, ಕೊನೆಗೆ ಒಟ್ಟಿಗೇ ಕೂತು ಕೋರ್ಟಿಗೆ ಹೋದರು.

ಕೆಲ ತಿಂಗಳ ಬಳಿಕ ಕಂಪನಿಯವರು ಹನ್ನೊಂದೂ ಪೆಟ್ಟಿಗೆಗಳ ನೆನಪನ್ನು ತೆಗೆಸಿ ಓದಿದರು. ಆಮೇಲೆ ನನಗೆ ಕಾಯಂ ನೇಮಕಾತಿಯ ಆದೇಶ ಬಂತು, ಜೊತೆಗೆ ಪ್ರಶಂಸಾಪತ್ರ. ಶಿರಸಿ ವಿಭಾಗದಲ್ಲಿ ಒಂದು ಗಾಡಿಯೂ ಒಮ್ಮೆಯೂ ದಾರಿ ತಪ್ಪಿಲ್ಲ, ಪ್ರತಿ ಪ್ರಯಾಣದಲ್ಲೂ ಗುರಿ ತಲುಪಿದೆ, ಗುರಿ ತಲುಪಲು ತಗಲಿದ ಸರಾಸರಿ ಸಮಯ ಸೊನ್ನೆ ನಿಮಿಷ. ಅಮೆರಿಕದ ಇಂಗ್ಲಿಷಿಗೆ ಗುಡ್ಡಗಾಡಿನ ಜನ ತೋರಿದ ಈ ವಿಧೇಯತೆ ಅಭೂತಪೂರ್ವ. ಇದರ ರಹಸ್ಯವನ್ನು ಇತರ ಜಿಲ್ಲೆಗಳ ಪರಿಶೀಲಕರಿಗೂ ಬೋಧಿಸತಕ್ಕದ್ದು ಎಂದು ಅದರಲ್ಲಿತ್ತು.

ಅಕ್ರಮದ ನೇಮಕಾತಿಗಳನ್ನು ಕಂಡು ಕುದಿದವನು ನಾನು. ಸುಳ್ಳಿನ ಮೇಲೆ ಕೂರಲು ಮನಸ್ಸೊಪ್ಪಲಿಲ್ಲ. ನಡೆದದ್ದನ್ನೆಲ್ಲ, ಲೋಟಗಳ ಸಂಖ್ಯೆಸಹಿತ, ಎರಡು ಪುಟಗಳಲ್ಲಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ನನ್ನ ಜೀವನದಲ್ಲಿ ಮೊದಲ ಬಾರಿಗೆ ಅಂಥ ಪತ್ರಕ್ಕೆ ಉತ್ತರ ಬಂತು:

‘ವಿನಯವು ನೌಕರನಿಗೆ ಭೂಷಣವೇ. ಆದರೆ ಅಂಕಿಗಳು ಸುಳ್ಳು ಹೇಳುವುದಿಲ್ಲ.’